ಎರಡು ತಿಂಗಳ ಕೂಸಿಗೆ ಸ್ಟಿರಾಯ್ಡ್ ಯಾಕೆ? ಅಡ್ರಿನಲ್ ತೊಂದರೆ ಬಗ್ಗೆ ಒಬ್ಬ ತಾಯಿಗೆ ಉತ್ತರ

ಪ್ರಶ್ನೆ: ಡಾಕ್ಟರೇ, ನಮ್ಮದು ಹಿರಿಯೂರು ಹತ್ತಿರದ ಹಳ್ಳಿ. ಮಗನಿಗೆ ಈಗ ಎರಡು ತಿಂಗಳು. ಹುಟ್ಟಿದಾಗ 2.9 ಕೆಜಿ ಇದ್ದ. ಹನ್ನೆರಡನೇ ದಿನದಿಂದ ಕುಡಿದ ಹಾಲನ್ನೆಲ್ಲ ಕಕ್ಕಲು ಶುರು ಮಾಡಿದ. ಹಾಲು ಅರಗಿಲ್ಲ ಎಂದು ಹನಿ ಔಷಧಿ ಕೊಟ್ಟರು. ಹದಿನೆಂಟನೇ ದಿನ ಮೈ ತಣ್ಣಗಾಗಿ, ಅಳಲೂ ಶಕ್ತಿ ಇಲ್ಲದ ಹಾಗಾದ. ಐಸಿಯುಗೆ ಸೇರಿಸಿದೆವು. ಆಗ ತೂಕ 2.4 ಕೆಜಿ, ರಕ್ತದಲ್ಲಿ ಸೋಡಿಯಂ ಇಳಿದು 114, ಪೊಟ್ಯಾಸಿಯಂ ಏರಿ 7.8 ಆಗಿತ್ತು. ಸಿಎಎಚ್ ಎಂಬ ಅಡ್ರಿನಲ್ ಗ್ರಂಥಿಯ ಕಾಯಿಲೆ ಎಂದರು. ಈಗ ದಿನಕ್ಕೆ ಮೂರು ಸಲ ಹೈಡ್ರೊಕಾರ್ಟಿಸೋನ್, ಒಂದು ಸಲ ಫ್ಲೂಡ್ರೊಕಾರ್ಟಿಸೋನ್, ಜೊತೆಗೆ ಉಪ್ಪುನೀರು ಕೊಡುತ್ತಿದ್ದೇವೆ. ನಾನು ಸೋದರಮಾವನನ್ನೇ ಮದುವೆಯಾಗಿದ್ದು, ಹಾಗಾಗಿ ನಮ್ಮಜ್ಜಿಯೇ ನನಗೆ ಅತ್ತೆ. ಇಷ್ಟು ಸಣ್ಣ ಕೂಸಿಗೆ ಸ್ಟಿರಾಯ್ಡ್ ಹಾಕಿದರೆ ಮೂಳೆ ಸವೆಯುತ್ತದೆ, ನಿಲ್ಲಿಸು ಎನ್ನುತ್ತಾರೆ. ಅವರಿಗೂ ಹಿಂದೆ ಎರಡು ಗಂಡು ಕೂಸುಗಳು ತಿಂಗಳು ತುಂಬುವ ಮೊದಲೇ ಬಾಲಗ್ರಹ ಎಂದು ಹೋದವಂತೆ. ಔಷಧಿ ಎಷ್ಟು ದಿನ ಕೊಡಬೇಕು? ಜ್ವರ ಬಂದರೆ ಏನು ಮಾಡಬೇಕು? ಇನ್ನೊಂದು ಮಗು ಮಾಡಿಕೊಳ್ಳಬಹುದಾ? ಬಸುರಿಯಲ್ಲಿ ನನ್ನಿಂದ ಏನಾದರೂ ತಪ್ಪಾಯಿತಾ? ಊರಿನ ತೇರಿಗೆ ಅವನನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ಕೊನೆಯ ಪ್ರಶ್ನೆಗೂ ಬರುತ್ತೇನೆ, ಆದರೆ ಮೊದಲು ಒಂದು ಮಾತು. ಈ ಉತ್ತರವನ್ನು ಪೂರ್ತಿ ಓದುವವರೆಗೆ ಒಂದು ಹೊತ್ತಿನ ಔಷಧಿಯನ್ನೂ ನಿಲ್ಲಿಸಬೇಡಿ. ಓದಿದ ಮೇಲೆ ನೀವೇ ನಿಲ್ಲಿಸುವುದಿಲ್ಲ, ಆ ನಂಬಿಕೆ ನನಗಿದೆ.

ನಿಮ್ಮ ತಪ್ಪು ಏನೂ ಇಲ್ಲ. ಪಪ್ಪಾಯ ತಿಂದಿದ್ದಕ್ಕೆ, ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ, ಕಬ್ಬಿಣದ ಮಾತ್ರೆ ಬಿಟ್ಟಿದ್ದಕ್ಕೆ ಈ ಕಾಯಿಲೆ ಬರುವುದಿಲ್ಲ. ಗರ್ಭ ಕಟ್ಟಿದ ಗಳಿಗೆಯಲ್ಲೇ ಇದು ತೀರ್ಮಾನ ಆಗಿರುತ್ತದೆ. ಹೇಗೆ ಎಂದು ಆಮೇಲೆ ಹೇಳುತ್ತೇನೆ.

ಅಡ್ರಿನಲ್ ಎಂದರೆ ಎರಡೂ ಮೂತ್ರಪಿಂಡದ ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುವ ಸಣ್ಣ ಗ್ರಂಥಿ. ಅದರ ಹೊರಪದರ ಮುಖ್ಯವಾಗಿ ಮೂರು ಬಗೆಯ ಹಾರ್ಮೋನ್ ತಯಾರಿಸುತ್ತದೆ. ಕಾರ್ಟಿಸಾಲ್ ರಕ್ತದ ಸಕ್ಕರೆ, ಬಿಪಿ ಬೀಳದ ಹಾಗೆ ನೋಡಿಕೊಳ್ಳುತ್ತದೆ, ಜ್ವರ, ಗಾಯ, ಆಪರೇಷನ್‌ನಂಥ ಹೊಡೆತ ಬಿದ್ದಾಗ ಮೈಯನ್ನು ನಿಲ್ಲಿಸುತ್ತದೆ. ಆಲ್ಡೊಸ್ಟಿರೋನ್ ಉಪ್ಪಿನ ಕಾವಲುಗಾರ, ಅದಿಲ್ಲದಿದ್ದರೆ ಸೋಡಿಯಂ ಎಲ್ಲ ಉಚ್ಚೆಯಲ್ಲಿ ಹೋಗಿ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ. ಮೂರನೆಯದು ಗಂಡಸಿನ ಹಾರ್ಮೋನುಗಳ ಗುಂಪು, ಇವು ಹೆಣ್ಣುಮಕ್ಕಳಲ್ಲೂ ಸ್ವಲ್ಪ ಇರುತ್ತವೆ.

ನೀವು ಮಾರಿಕಣಿವೆ ಅಣೆಕಟ್ಟಿನ ನೀರಿನ ಕಡೆಯವರು, ಆದ್ದರಿಂದ ಕಾಲುವೆಯ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಕಾಲುವೆ ಮೂರು ತೋಟಕ್ಕೆ ನೀರು ಕೊಡುತ್ತದೆ ಎಂದುಕೊಳ್ಳಿ. ಎರಡು ತೋಟದ ತೂಬು ಹುಟ್ಟಿನಿಂದಲೇ ಮುಚ್ಚಿಹೋಗಿದೆ. ಆ ತೋಟಗಳು ಒಣಗುತ್ತವೆ, ನೀರೆಲ್ಲ ಮೂರನೇ ತೋಟಕ್ಕೆ ನುಗ್ಗುತ್ತದೆ. ಮೇಲೆ ಕೂತಿರುವ ನೀರುಗಂಟಿಗೆ ತೂಬು ಮುಚ್ಚಿರುವುದು ಕಾಣುವುದಿಲ್ಲ, ನೀರು ಬಂದಿಲ್ಲ ಎಂಬ ದೂರು ಮಾತ್ರ ಕೇಳಿಸುತ್ತದೆ. ಅವನು ಇನ್ನೂ ಜಾಸ್ತಿ ನೀರು ಬಿಡುತ್ತಾನೆ. ಮೂರನೇ ತೋಟ ಕೆರೆಯಾಗುತ್ತದೆ. ನಿಮ್ಮ ಮಗನಲ್ಲಿ ಆಗಿರುವುದು ಇದೇ. 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಇಲ್ಲ, ಅದೇ ಆ ಮುಚ್ಚಿದ ತೂಬು. ಸಿಎಎಚ್ ಇರುವ ನೂರು ಮಕ್ಕಳಲ್ಲಿ ಸುಮಾರು 95 ಜನರಲ್ಲಿ ತೊಂದರೆ ಇರುವುದು ಇಲ್ಲೇ. ಕಾರ್ಟಿಸಾಲ್ ಇಲ್ಲ, ಆಲ್ಡೊಸ್ಟಿರೋನ್ ಇಲ್ಲ, ಗಂಡಸಿನ ಹಾರ್ಮೋನ್ ಮಾತ್ರ ವಿಪರೀತ. ನೀರುಗಂಟಿ ಎಂದರೆ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ. ಅದು ಎಸಿಟಿಎಚ್ ಎಂಬ ಹಾರ್ಮೋನನ್ನು ಸುರಿಯುತ್ತಲೇ ಇರುತ್ತದೆ. ಅದು ಜಾಸ್ತಿಯಾದರೆ ಚರ್ಮಕ್ಕೂ ಬಣ್ಣ ಏರುತ್ತದೆ. ನಿಮ್ಮ ಮಗನ ಮೊಲೆತೊಟ್ಟು, ಬೀಜದ ಚೀಲ ಮೈಬಣ್ಣಕ್ಕಿಂತ ಜಾಸ್ತಿ ಕಪ್ಪಗೆ ಇದ್ದವಾ? ಇದ್ದಿರಬಹುದು. ಅಪ್ಪನ ಬಣ್ಣ ಬಂದಿದೆ ಎಂದು ಯಾರೋ ಹೇಳಿ, ಕಡಲೆಹಿಟ್ಟು ಹಚ್ಚಿ ಉಜ್ಜಿಯೂ ಇರುತ್ತಾರೆ. ಆ ಕಪ್ಪು ಒಂದು ಸುಳಿವು. ಆದರೆ ನಮ್ಮ ಕಡೆಯ ಮೈಬಣ್ಣದಲ್ಲಿ ಅದನ್ನು ಗುರುತಿಸುವುದು ನಿಜಕ್ಕೂ ಕಷ್ಟ, ನನ್ನ ಕಣ್ಣಿಗೂ ಮೋಸ ಆಗಿದೆ.

ಹುಟ್ಟಿದ ಮೊದಲ ವಾರ ಮಗು ಚೆನ್ನಾಗಿಯೇ ಇರುತ್ತದೆ. ಉಪ್ಪು ದಿನಾ ಸ್ವಲ್ಪ ಸ್ವಲ್ಪ ಸೋರಿಹೋಗಿ, ಎರಡನೇ ಮೂರನೇ ವಾರಕ್ಕೆ ಖಜಾನೆ ಖಾಲಿಯಾಗುತ್ತದೆ. ಆಗ ವಾಂತಿ, ತೂಕ ಇಳಿಯುವುದು, ಹಾಲು ಬೇಡ ಎನ್ನುವುದು, ಮಂಪರು, ಕೊನೆಗೆ ಬಿಪಿ ಬಿದ್ದು ಮೈ ತಣ್ಣಗಾಗುವ ಶಾಕ್. ನಿಮ್ಮ ಮಗನ ಹನ್ನೆರಡನೇ ದಿನ, ಹದಿನೆಂಟನೇ ದಿನ ಎಲ್ಲ ಪುಸ್ತಕದಲ್ಲಿ ಬರೆದಿಟ್ಟ ಹಾಗೇ ಇದೆ. ಹಾಲು ಅರಗಿಲ್ಲ ಎಂದವರ ಮೇಲೆ ನಿಮಗೆ ಸಿಟ್ಟಿದೆ, ಅದು ಪತ್ರದಲ್ಲೇ ಕಾಣುತ್ತದೆ. ಹಾಲು ಕಕ್ಕುವ ಕೂಸುಗಳು ದಿನಾ ನೂರು ಬರುತ್ತವೆ, ಅದರಲ್ಲಿ ಇದು ಒಂದು. ಆದರೂ ಒಂದು ಕೆಲಸ ಆಗಬೇಕಿತ್ತು, ತೂಕ ನೋಡಬೇಕಿತ್ತು. ಹುಟ್ಟಿದ ತೂಕ ಎರಡು ವಾರವಾದರೂ ವಾಪಸ್ ಬರದೆ, ಇನ್ನೂ ಇಳಿಯುತ್ತಿರುವ, ವಾಂತಿ ಮಾಡುವ ಕೂಸಿಗೆ ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ ಪರೀಕ್ಷೆ ಮಾಡಿಸದೆ ಮನೆಗೆ ಕಳಿಸಬಾರದು. ಹೊಟ್ಟೆಯ ಬಾಗಿಲು ದಪ್ಪವಾಗಿ ಹಾಲು ಕೆಳಗಿಳಿಯದ ಇನ್ನೊಂದು ಕಾಯಿಲೆ ಇದೆ, ಅದರಲ್ಲೂ ಹೀಗೇ ವಾಂತಿ. ಆದರೆ ಅಲ್ಲಿ ಪೊಟ್ಯಾಸಿಯಂ ಇಳಿಯುವುದೇ ಜಾಸ್ತಿ, ಇಲ್ಲಿ ಏರುತ್ತದೆ. ಒಂದೇ ಒಂದು ರಕ್ತ ಪರೀಕ್ಷೆಯಲ್ಲಿ ದಾರಿ ಬೇರೆಯಾಗುತ್ತದೆ.

ಗಂಡು ಕೂಸುಗಳೇ ಹೀಗೆ ತಪ್ಪಿಹೋಗುವುದು ಜಾಸ್ತಿ. ಹೆಣ್ಣು ಕೂಸಿನಲ್ಲಿ ಗಂಡಸಿನ ಹಾರ್ಮೋನ್ ಹೊಟ್ಟೆಯೊಳಗೇ ಕೆಲಸ ಮಾಡಿರುತ್ತದೆ, ಜನನಾಂಗದ ಹೊರಭಾಗ ಗಂಡಿನದರ ಹಾಗೆ ಕಾಣುತ್ತದೆ. ಗಂಡೋ ಹೆಣ್ಣೋ ಎಂದು ಹೆರಿಗೆ ಕೋಣೆಯಲ್ಲೇ ಅನುಮಾನ ಬರುತ್ತದೆ, ಪರೀಕ್ಷೆ ಆಗುತ್ತದೆ. ಅವರಿಗೆ ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿಯೇ ಇರುತ್ತವೆ, ಚಿಕಿತ್ಸೆ ಸರಿಯಾಗಿ ನಡೆದರೆ ಮುಂದೆ ತಾಯಿಯೂ ಆಗಬಹುದು. ಗಂಡು ಕೂಸು ಮಾತ್ರ ನೋಡಲು ಎಲ್ಲರಂತೆ ಇರುತ್ತದೆ. ಕಾಯಿಲೆ ಗಂಡು ಹೆಣ್ಣಿಗೆ ಸಮಸಮ ಬರುತ್ತದೆ, ಆದರೂ ನಮ್ಮ ಕ್ಲಿನಿಕ್ಕುಗಳಿಗೆ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಬರದೆ ಉಳಿದ ಗಂಡುಮಕ್ಕಳು ಎಲ್ಲಿ ಹೋದರು? ನಿಮ್ಮ ಅಜ್ಜಿಯ ಆ ಎರಡು ಕೂಸುಗಳ ವಿಷಯ ಓದಿದಾಗ ನನಗೆ ಬಂದ ಯೋಚನೆ ಇದೇ. ಆಗ ಏನಾಗಿತ್ತೆಂದು ಈಗ ಯಾರೂ ಖಂಡಿತವಾಗಿ ಹೇಳಲಾಗದು. ಆದರೆ ಒಂದೇ ಮನೆತನ, ಎರಡೂ ಗಂಡು, ಎರಡೂ ತಿಂಗಳೊಳಗೆ ಎಂದರೆ ಈ ಕಾಯಿಲೆಯ ಅನುಮಾನ ಬಂದೇ ಬರುತ್ತದೆ. ಬಾಲಗ್ರಹ ಎಂಬ ಮಾತಿನ ಕೆಳಗೆ ಎಷ್ಟು ಬಗೆಯ ಸಾವುಗಳು ಮುಚ್ಚಿಹೋಗಿವೆಯೋ.

ಈಗ ಅಜ್ಜಿಯ ಸ್ಟಿರಾಯ್ಡ್ ಭಯಕ್ಕೆ ಬರೋಣ. ಅವರು ಸುಮ್ನೆ ಹೆದರುತ್ತಿಲ್ಲ, ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಸ್ಟಿರಾಯ್ಡಿನಿಂದ ಕೆಟ್ಟ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಕೂಸಿನ ಕುಂಡೆ ಕೆಂಪಾಗಿದೆ ಎಂದು ಮೆಡಿಕಲ್ ಶಾಪಿನಿಂದ ಮೂರು ಔಷಧಿ ಬೆರೆತ ಕ್ರೀಮು ತಂದು ತಿಂಗಳುಗಟ್ಟಲೆ ಹಚ್ಚುತ್ತಾರೆ. ಅದರಲ್ಲಿರುವ ಗಟ್ಟಿ ಸ್ಟಿರಾಯ್ಡ್ ಆ ತೆಳ್ಳನೆ ಚರ್ಮದಿಂದ ಒಳಗಿಳಿದು ಮುಖ ಚೆಂಡಿನ ಹಾಗಾಗುತ್ತದೆ, ಬಿಪಿ ಏರುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಮಗು ದುಂಡಗಾಯಿತು ಎಂದು ಮನೆಯವರು ದೃಷ್ಟಿ ತೆಗೆಯುತ್ತಾರೆ! 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಮಾಡಿತು, ಆದರೂ ಕೇಳಿದರೆ ಸಿಗುತ್ತದೆ.

ಅಲ್ಲಿ ಆಗುವುದು ಏನು? ಮೈಯಲ್ಲಿ ಸಾಕಷ್ಟು ಇರುವ ಹಾರ್ಮೋನಿನ ಮೇಲೆ ಇನ್ನೂ ಹೇರುವುದು. ನಿಮ್ಮ ಮಗನಿಗೆ ಕೊಡುತ್ತಿರುವುದು ಅವನ ಮೈಯಲ್ಲಿ ಇಲ್ಲದ್ದನ್ನು, ಇರಬೇಕಾದಷ್ಟೇ. ಹೈಡ್ರೊಕಾರ್ಟಿಸೋನ್ ಎಂದರೆ ಬೇರೇನೂ ಅಲ್ಲ, ಕಾರ್ಟಿಸಾಲೇ. ನಿಮ್ಮ, ನನ್ನ, ನಿಮ್ಮ ಅಜ್ಜಿಯ ಅಡ್ರಿನಲ್ ಇವತ್ತು ಬೆಳಗ್ಗೆ ತಯಾರಿಸಿದ ಅದೇ ವಸ್ತು. ಫ್ಲೂಡ್ರೊಕಾರ್ಟಿಸೋನ್ ಎಂದರೆ ಆಲ್ಡೊಸ್ಟಿರೋನ್ ಬದಲಿಗೆ ಉಪ್ಪು ಕಾಯುವ ಔಷಧಿ. ಬಾವಿ ಇಲ್ಲದ ಮನೆಗೆ ಬಿಂದಿಗೆಯಲ್ಲಿ ನೀರು ತಂದು ಹಾಕುತ್ತಿದ್ದೇವೆ, ಅಷ್ಟೇ. ಇದನ್ನು ಅಜ್ಜಿಗೆ ಓದಿ ಹೇಳಿ. 1950ರ ಸುಮಾರಿಗೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಾಸನ್ ವಿಲ್ಕಿನ್ಸ್ ಎಂಬ ಮಕ್ಕಳ ವೈದ್ಯರು ಈ ಕಾಯಿಲೆಗೆ ಕಾರ್ಟಿಸೋನ್ ಕೊಟ್ಟು ಫಲ ಕಂಡರು. ಅದಕ್ಕೂ ಮೊದಲು ನಿಮ್ಮ ಮಗನಂತೆ ಉಪ್ಪು ಕಳೆದುಕೊಳ್ಳುವ ಕೂಸುಗಳಲ್ಲಿ ಉಳಿಯುತ್ತಿದ್ದುದು ತೀರಾ ಕಡಿಮೆ.

ಎಷ್ಟು ದಿನ ಎಂದಿರಿ. ಬದುಕಿರುವಷ್ಟು ದಿನ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಮಗು ಗುಂಡುಗುಂಡಾಗಿ ಆಟ ಆಡುತ್ತಿದೆ, ಈಗ ವಾಸಿಯಾಯಿತಲ್ಲ ಎಂದು ಯಾರಾದರೂ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಮತ್ತೆ ಅದೇ ಐಸಿಯು. ಸಿಎಎಚ್ ಮಕ್ಕಳಿಗೆ ಪ್ರಮಾಣವನ್ನು ಮೈಯ ವಿಸ್ತೀರ್ಣದ ಲೆಕ್ಕದಲ್ಲಿ ಹಾಕುತ್ತಾರೆ, ಸಾಮಾನ್ಯವಾಗಿ ಚದರ ಮೀಟರಿಗೆ ದಿನಕ್ಕೆ 10ರಿಂದ 15 ಮಿಲಿಗ್ರಾಂ, ಮೂರು ಭಾಗ ಮಾಡಿ. ಶುರುವಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು. ಜಾಸ್ತಿಯಾದರೆ ಕೆನ್ನೆ ಊದಿ ಎತ್ತರ ಕುಂಠಿತ ಆಗುತ್ತದೆ. ಕಮ್ಮಿಯಾದರೆ ಗಂಡಸಿನ ಹಾರ್ಮೋನ್ ಏರಿ, ಹುಡುಗ ನಾಲ್ಕು ವರ್ಷಕ್ಕೆ ಆರು ವರ್ಷದವನ ಹಾಗೆ ಎತ್ತರವಾಗಿ, ಕೆಳಗೆ ಕೂದಲು ಬಂದು, ಮೂಳೆಯ ತುದಿಗಳು ಬೇಗ ಮುಚ್ಚಿ ಕೊನೆಗೆ ಕುಳ್ಳನಾಗುತ್ತಾನೆ. ನೋಡಿ, ಎರಡು ಕಡೆಯಿಂದಲೂ ಎತ್ತರಕ್ಕೇ ಪೆಟ್ಟು. ಅದಕ್ಕೇ ಮೊದಲ ವರ್ಷ ಕಮ್ಮಿ ಎಂದರೂ ಮೂರು ತಿಂಗಳಿಗೊಮ್ಮೆ ತೂಕ, ಉದ್ದ, ಬಿಪಿ, ರಕ್ತ ಪರೀಕ್ಷೆ. ಮುಂದೆ ಎಡಗೈಯ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಬೆಳೆಯುವ ಮಕ್ಕಳಿಗೆ ಹೈಡ್ರೊಕಾರ್ಟಿಸೋನೇ ಯಾಕೆ ಎಂದರೆ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಎಂಬ ಬೇರೆ ಸ್ಟಿರಾಯ್ಡುಗಳು ಎತ್ತರವನ್ನು ಜಾಸ್ತಿ ತಿನ್ನುತ್ತವೆ. ಅಂಗಡಿಯವನು ಅದಿಲ್ಲ, ಇದು ತಗೊಳ್ಳಿ, ಎರಡೂ ಒಂದೇ ಎಂದರೆ ಒಪ್ಪಬೇಡಿ.

ಕೊಡುವ ರೀತಿ ಬಗ್ಗೆ ನೀವು ಕೇಳಿಲ್ಲ, ಆದರೆ ಎಡವಟ್ಟು ಆಗುವುದು ಅಲ್ಲೇ. ಎರಡು ತಿಂಗಳ ಕೂಸಿಗೆ ಒಂದು ಹೊತ್ತಿಗೆ ಒಂದೆರಡು ಮಿಲಿಗ್ರಾಂ ಬೇಕು, ಅಂಗಡಿಯಲ್ಲಿ ಸಿಗುವುದು ಐದು ಅಥವಾ ಹತ್ತರ ಮಾತ್ರೆ. ಬ್ಲೇಡಿನಲ್ಲಿ ಕತ್ತರಿಸಿದರೆ ಒಂದು ತುಂಡು ದೊಡ್ಡದು, ಒಂದು ಸಣ್ಣದು. ಪುಡಿ ಮಾಡಿ ನೀರಿಗೆ ಹಾಕಿದರೆ ಪೂರ್ತಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರು ಕುಡಿಸಿ ಔಷಧಿ ಕೊಟ್ಟೆವು ಎಂದುಕೊಂಡವರನ್ನು ನೋಡಿದ್ದೇನೆ. ನಿಮ್ಮ ಡಾಕ್ಟರು ಪುಡಿ ಪೊಟ್ಟಣ ಹೇಳಿದರೋ, ನೀರಿನಲ್ಲಿ ಕಲಸಿ ಸಿರಿಂಜಿನಲ್ಲಿ ಎಳೆದು ಕೊಡಲು ಹೇಳಿದರೋ, ಅದನ್ನು ಅವರ ಎದುರಿಗೇ ಒಂದು ಸಲ ಮಾಡಿ ತೋರಿಸಿ. ನೀರಿನಲ್ಲಾದರೆ ಚೆನ್ನಾಗಿ ಕಲಕಿ, ಕೂರುವ ಮೊದಲೇ ಎಳೆಯಿರಿ, ಉಳಿದದ್ದು ಚೆಲ್ಲಿ, ಪ್ರತಿ ಸಲ ಹೊಸದಾಗಿ ಮಾಡಿ.

ಉಪ್ಪಿನ ವಿಷಯ. ಒಂದು ವರ್ಷದವರೆಗೆ ಮಗುವಿನ ಊಟಕ್ಕೆ ಉಪ್ಪು ಹಾಕಬೇಡಿ ಎಂದು ಬೇರೆಯವರಿಗೆ ಹೇಳುವವನು ನಾನೇ. ನಿಮ್ಮ ಮಗನಿಗೆ ಆ ನಿಯಮ ಅಲ್ಲ. ಎದೆಹಾಲಿನಲ್ಲಿ ಉಪ್ಪು ಬಹಳ ಕಮ್ಮಿ, ಅವನಿಗೆ ದಿನಕ್ಕೆ ಹೆಚ್ಚುವರಿಯಾಗಿ ಒಂದರಿಂದ ಎರಡು ಗ್ರಾಂ ಉಪ್ಪು ಬೇಕಾಗುತ್ತದೆ, ಅದನ್ನು ಹಾಲು ಕುಡಿಸುವ ಹೊತ್ತುಗಳಿಗೆ ಹಂಚಿ. ಕಣ್ಣಂದಾಜು ಮಾತ್ರ ಬೇಡ. ಮಟ್ಟಸವಾದ ಒಂದು ಟೀ ಚಮಚ ಪುಡಿ ಉಪ್ಪೆಂದರೆ ಸುಮಾರು ಆರು ಗ್ರಾಂ, ಅಂದರೆ ಚಿಟಿಕೆಯಲ್ಲಿ ಹೆಚ್ಚುಕಮ್ಮಿ ಆಗುವುದು ಎಷ್ಟು ಸುಲಭ ನೋಡಿ. ಉಪ್ಪು ಜಾಸ್ತಿಯಾದರೂ ಅಪಾಯವೇ. ಅಳತೆ ಡಾಕ್ಟರು ಬರೆದುಕೊಟ್ಟ ಹಾಗೇ ಇರಲಿ.

ಇನ್ನು ಜ್ವರ. ನೀವು ಕೇಳಿದ್ದರಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಜ್ವರ ಬಂದಾಗ ಎಲ್ಲರ ಅಡ್ರಿನಲ್ಲೂ ತಾನಾಗಿಯೇ ಕಾರ್ಟಿಸಾಲನ್ನು ಹೆಚ್ಚು ಮಾಡುತ್ತದೆ, ಇವನದು ಮಾಡುವುದಿಲ್ಲ, ಆದ್ದರಿಂದ ನೀವು ಮಾಡಬೇಕು. ಸಾಮಾನ್ಯ ಲೆಕ್ಕ ಹೀಗೆ: ಜ್ವರ 100.4 ದಾಟಿದರೆ ಹೈಡ್ರೊಕಾರ್ಟಿಸೋನ್ ಎರಡರಷ್ಟು, 102 ದಾಟಿದರೆ ಮೂರರಷ್ಟು, ಜ್ವರ ಬಿಟ್ಟ ಮೇಲೆ ಮೊದಲಿನಷ್ಟೇ. ಫ್ಲೂಡ್ರೊಕಾರ್ಟಿಸೋನ್ ಬದಲಾಗುವುದಿಲ್ಲ. ನಿಮ್ಮ ಡಾಕ್ಟರು ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ ಅದನ್ನೇ ನಡೆಸಿ. ಬರೀ ನೆಗಡಿಗೆ, ಹಟಕ್ಕೆ, ಹಲ್ಲು ಬರುವ ಕಿರಿಕಿರಿಗೆ ಹೆಚ್ಚಿಸಬೇಡಿ. ಅಂದ ಹಾಗೆ ಮೂರು ತಿಂಗಳೊಳಗಿನ ಯಾವ ಕೂಸಿಗೇ ಜ್ವರ ಬಂದರೂ ಡಾಕ್ಟರಿಗೆ ತೋರಿಸಲೇಬೇಕು, ಇವನಿಗಂತೂ ಇನ್ನೂ ಬೇಗ. ಔಷಧಿ ಹೆಚ್ಚಿಸಿ, ಹೊರಡಿ.

ವಾಂತಿ ಬಂದರೆ ಮಾತೇ ಬೇರೆ. ಔಷಧಿ ಕೊಟ್ಟ ಅರ್ಧ ಗಂಟೆಯೊಳಗೆ ಕಕ್ಕಿದರೆ ಇನ್ನೊಂದು ಸಲ ಕೊಡಿ. ಅದನ್ನೂ ಕಕ್ಕಿದರೆ, ಅಥವಾ ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಇಂಜೆಕ್ಷನ್. ಬಾಯಿಯ ಔಷಧಿಗೆ ಇನ್ನು ಕಾಯಬೇಡಿ, ಓಆರ್‌ಎಸ್ ಕುಡಿಸಿ ನೋಡೋಣ ಎಂದು ಬೆಳಗಾಗುವವರೆಗೆ ಕೂರಬೇಡಿ. ಈ ಮಕ್ಕಳು ಹೋಗುವುದು ಕಾಯಿಲೆಯಿಂದ ಅಲ್ಲ, ನಡುರಾತ್ರಿಯ ವಾಂತಿ ಭೇದಿಯಿಂದ, ಆಸ್ಪತ್ರೆ ಮುಟ್ಟುವ ದಾರಿಯಲ್ಲಿ.

ಆದ್ದರಿಂದ ಮನೆಯಲ್ಲಿ 100 ಮಿಲಿಗ್ರಾಮಿನ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬಾಟಲಿ ಎರಡು, ಅದಕ್ಕೆ ಬೆರೆಸುವ ನೀರು, ಸಿರಿಂಜು ಯಾವಾಗಲೂ ಇರಲಿ. ಎರಡು ಮಿಲಿ ನೀರು ಬೆರೆಸಿದರೆ ಅರ್ಧ ಮಿಲಿಯಲ್ಲಿ 25 ಮಿಲಿಗ್ರಾಂ ಬರುತ್ತದೆ, ಕೂಸಿಗೆ ತುರ್ತಿನಲ್ಲಿ ಕೊಡುವುದು ಅಷ್ಟು. ತೊಡೆಯ ಹೊರಮಗ್ಗುಲಿನ ಮಾಂಸಕ್ಕೆ, ಲಸಿಕೆ ಹಾಕುವ ಜಾಗಕ್ಕೇ. ಹೆದರಿಕೆ ಆಗುತ್ತದೆ, ಗೊತ್ತು. ಮುಂದಿನ ಸಲ ಹೋದಾಗ ನರ್ಸ್ ಹತ್ತಿರ ಕೂತು ಕಲಿಯಿರಿ, ನೀವಷ್ಟೇ ಅಲ್ಲ, ನಿಮ್ಮ ಯಜಮಾನರೂ. ತುರ್ತಿನಲ್ಲಿ ಒಂದು ಡೋಸ್ ಸುಮ್ನೆ ಹೋಯಿತು ಎಂದು ಯಾವ ಮಗುವೂ ಕೆಡುವುದಿಲ್ಲ, ಕೊಡದೆ ಕಾದಿದ್ದಕ್ಕೆ ಕೆಡುತ್ತದೆ. ಕೊಟ್ಟ ಮೇಲೆ ಆಸ್ಪತ್ರೆಗೆ ಹೊರಡಿ, ಡ್ರಿಪ್ಪಿನಲ್ಲಿ ಸಲೈನ್ ಮತ್ತು ಗ್ಲೂಕೋಸ್ ಬೇಕಾಗುತ್ತದೆ. ನಿಮ್ಮ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ: ಮಗುವಿನ ಕಾಯಿಲೆ ಏನು, ಬಂದ ತಕ್ಷಣ ಏನು ಕೊಡಬೇಕು ಎಂದು. ರಾತ್ರಿ ಪಾಳಿಯ ಡಾಕ್ಟರು ಸಿಎಎಚ್ ಮಗುವನ್ನು ನೋಡಿಯೇ ಇಲ್ಲದಿರಬಹುದು, ಆದರೆ ಈ ಇಂಜೆಕ್ಷನ್ ಉಬ್ಬಸ, ಅಲರ್ಜಿಗೂ ಬಳಸುವುದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಲಸಿಕೆಗಳನ್ನು ಯಾವುದನ್ನೂ ಬಿಡಬೇಡಿ, ಈ ಪ್ರಮಾಣದ ಸ್ಟಿರಾಯ್ಡಿಗೆ ಲಸಿಕೆ ಅಡ್ಡಿಯಲ್ಲ.

ಇನ್ನೊಂದು ಮಗುವಿನ ವಿಷಯ. ಈ ಕಿಣ್ವದ ಜೀನ್ ಎಲ್ಲರಲ್ಲೂ ಎರಡೆರಡು ಪ್ರತಿ ಇರುತ್ತದೆ, ಒಂದು ಅಮ್ಮನದು, ಒಂದು ಅಪ್ಪನದು. ನಿಮ್ಮಲ್ಲಿ ಒಂದು ಕೆಟ್ಟಿದೆ, ಒಂದು ಸರಿಯಿದೆ. ನಿಮ್ಮ ಯಜಮಾನರಲ್ಲೂ ಹಾಗೇ. ಒಂದು ಸರಿಯಿದ್ದರೆ ಸಾಕು, ಅದಕ್ಕೇ ನಿಮಗಿಬ್ಬರಿಗೂ ಕಾಯಿಲೆ ಇಲ್ಲ. ಮಗನಿಗೆ ಇಬ್ಬರ ಕೆಟ್ಟ ಪ್ರತಿಯೇ ಬಂದಿದೆ. ಪ್ರತಿ ಬಸಿರಲ್ಲೂ ಹಾಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲನೆಯದಕ್ಕೆ ಬಂದಿದೆ, ಇನ್ನು ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ಅಲ್ಲ ಅದು, ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿದ ಹಾಗೆ. ಸೋದರಮಾವನ ಮದುವೆಯಲ್ಲಿ ಒಂದೇ ಕೆಟ್ಟ ಪ್ರತಿ ಎರಡು ಕಡೆಯಿಂದ ಬಂದು ಸೇರುವುದು ಸುಲಭ, ಅದು ನಿಜ. ಆದರೆ ಸಂಬಂಧವೇ ಇಲ್ಲದ ದಂಪತಿಗಳ ಮಕ್ಕಳಲ್ಲೂ ಈ ಕಾಯಿಲೆ ಬೇಕಾದಷ್ಟು ನೋಡುತ್ತೇವೆ. ಆಗಿಹೋದ ಮದುವೆಗೆ ಈಗ ಕೊರಗಿ ಫಲವಿಲ್ಲ, ನಿಮಗೆ ತಂಗಿ ಇದ್ದರೆ ಅವಳ ಮದುವೆ ಮಾತು ಬಂದಾಗ ಈ ವಿಷಯ ನೆನಪಿರಲಿ.

ಮೊದಲು ಮಗನ ಜೀನ್ ಪರೀಕ್ಷೆ ಮಾಡಿಸಿ. ಈ ಜೀನಿನ ಪಕ್ಕದಲ್ಲೇ ಅದರಂತೆಯೇ ಕಾಣುವ, ಕೆಲಸಕ್ಕೆ ಬಾರದ ಇನ್ನೊಂದು ಜೀನ್ ಇರುವುದರಿಂದ ಫಲಿತಾಂಶ ಗೊಂದಲ ಆಗಬಹುದು, ಹಾಗಾಗಿ ಈ ಪರೀಕ್ಷೆಯಲ್ಲಿ ಪಳಗಿದ ಲ್ಯಾಬಿಗೇ ಕಳಿಸಲಿ. ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಮುಂದಿನ ಬಸುರಿಯಲ್ಲಿ ಮೂರು ತಿಂಗಳ ಹೊತ್ತಿಗೆ ಪರೀಕ್ಷೆ ಸಾಧ್ಯ. ಅದು ಬೇಡ ಎನಿಸಿದರೂ ಪರವಾಗಿಲ್ಲ. ಹುಟ್ಟಿದ ಎರಡು ಮೂರು ದಿನಕ್ಕೆ 17-ಒಎಚ್‌ಪಿ (ಈ ಕಿಣ್ವ ಇಲ್ಲದಿದ್ದಾಗ ರಕ್ತದಲ್ಲಿ ಏರುವ ವಸ್ತು) ರಕ್ತ ಪರೀಕ್ಷೆ ಮಾಡಿಸಿದರೆ ಉಪ್ಪು ಸೋರಿ ಮಗು ಬೀಳುವ ಮೊದಲೇ ಔಷಧಿ ಶುರು ಮಾಡಬಹುದು, ನಿಮ್ಮ ಮಗ ಕಂಡ ಐಸಿಯುವನ್ನು ತಮ್ಮನೋ ತಂಗಿಯೋ ಕಾಣಬೇಕಾಗಿಲ್ಲ. ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ, ಅಷ್ಟೇ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಕಾಯಿಲೆ ಇಲ್ಲದೆಯೂ ಈ ವಸ್ತು ಏರಿರಬಹುದು, ಅದನ್ನು ಮತ್ತೆ ನೋಡಬೇಕಾಗುತ್ತದೆ. ಹಲವು ದೇಶಗಳಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಇದನ್ನು ಮಾಡುತ್ತಾರೆ. ಅಲ್ಲಿನ ಲೆಕ್ಕ ಸುಮಾರು ಹದಿನೈದು ಸಾವಿರಕ್ಕೆ ಒಂದು. ನಮ್ಮಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 5,700ಕ್ಕೆ ಒಂದು ಸಿಕ್ಕಿತು, ಚೆನ್ನೈನಲ್ಲಿ ಸುಮಾರು ಎರಡು ಸಾವಿರಕ್ಕೇ ಒಂದು. ಇಷ್ಟಾದರೂ ನಮ್ಮ ದೇಶದಲ್ಲಿ ಇದು ಎಲ್ಲ ಮಕ್ಕಳಿಗೂ ಆಗುತ್ತಿಲ್ಲ, ಕೇಳಿದವರಿಗೆ ಆಗುತ್ತದೆ. ಅದಕ್ಕೆ ನೀವು ಕೇಳಿ. ಇನ್ನೊಂದು ಎಚ್ಚರಿಕೆ, ಬಸುರಿಯಲ್ಲೇ ಡೆಕ್ಸಾಮೆಥಾಸೋನ್ ನುಂಗಿದರೆ ಮಗು ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಇನ್ನೂ ಪ್ರಯೋಗದ ಹಂತದಲ್ಲೇ ಇದೆ.

ಮೂರು ತಿಂಗಳಿಗೊಮ್ಮೆ ತೋರಿಸಲು ಮಕ್ಕಳ ಹಾರ್ಮೋನ್ ತಜ್ಞರೇ ಬೇಕು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಅದರ ವಿಭಾಗ ಇದೆ. ನಡುವೆ ತೂಕ, ಬಿಪಿ ನೋಡಲು ಹಿರಿಯೂರಿನ ಮಕ್ಕಳ ಡಾಕ್ಟರೇ ಸಾಕು. ಫ್ಲೂಡ್ರೊಕಾರ್ಟಿಸೋನ್ ಸಣ್ಣ ಊರಿನ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಬೆಂಗಳೂರಿಗೆ ಹೋದಾಗಲೇ ಮುಂದಿನ ಸಲ ಹೋಗುವವರೆಗೆ ಬೇಕಾದ್ದಕ್ಕಿಂತ ಒಂದು ತಿಂಗಳಿನಷ್ಟು ಜಾಸ್ತಿಯೇ ತಂದಿಟ್ಟುಕೊಳ್ಳಿ.

ತೇರಿಗೆ ಹೋಗಬಹುದಾ ಎಂದಿರಿ. ಧಾರಾಳವಾಗಿ ಹೋಗಿ. ಒಂದು ಸಣ್ಣ ಚೀಲದಲ್ಲಿ ಎರಡೂ ಮಾತ್ರೆ, ಇಂಜೆಕ್ಷನ್ ಬಾಟಲಿ, ನೀರು, ಸಿರಿಂಜು, ಆ ಪತ್ರ ಇಟ್ಟುಕೊಂಡು ಅದನ್ನು ಅಜ್ಜಿಯ ಕೈಗೆ ಕೊಡಿ, ಅವರು ಎಲ್ಲಿಯೂ ಬಿಟ್ಟು ಬರುವುದಿಲ್ಲ. ಬಿಸಿಲಲ್ಲಿ ಬೆವರು ಹರಿದರೆ ಉಪ್ಪೂ ಹೋಗುತ್ತದೆ, ನಿಮ್ಮ ಕಡೆಯ ಬಿಸಿಲು ಗೊತ್ತಲ್ಲ, ಅವತ್ತು ಉಪ್ಪುನೀರು ಎಷ್ಟು ಹೆಚ್ಚಿಸಬೇಕೆಂದು ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಪದೇ ಪದೇ ಎದೆಹಾಲು ಕುಡಿಸಿ. ಮಧ್ಯಾಹ್ನದ ಔಷಧಿ ಹೊತ್ತು ತೇರು ಎಳೆಯುವ ಗದ್ದಲದಲ್ಲಿ ತಪ್ಪದಿರಲಿ, ಫೋನಿನಲ್ಲಿ ಅಲಾರಂ ಇಟ್ಟುಕೊಂಡೇ ಹೊರಡಿ.